ತ.ರಾ.ಸು. ಬಾಲ್ಯ ಒಂದೂವರೆ ಪುಟದ್ದಲ್ಲ: ಇಬ್ಬರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ
ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ ಜಿಲ್ಲೆ
ಇವರಿಗೆ

ವಿಷಯ: ಕಾದಂಬರಿಕಾರ ತ.ರಾ. ಸುಬ್ಬರಾವ್ ಅವರ ಬಾಲ್ಯ ಮತ್ತು ಹರೆಯದ ಜೀವನಚರಿತ್ರೆ ಬರೆಸುವುದು, ಅದಕ್ಕೆ ಬೇಕಾದ ಹಳೇ ದಾಖಲೆಗಳನ್ನು ಉಳಿಸಿಕೊಳ್ಳುವುದು.

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುವುದಕ್ಕೆ ಕಾರಣ ಇದೆ. ತ.ರಾ.ಸು. ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೇಬೆನ್ನೂರಿನಲ್ಲಿ. ಅದು ಈಗ ದಾವಣಗೆರೆ ಜಿಲ್ಲೆ, ಹರಿಹರ ತಾಲೂಕು. ಅವರ ಮನೆತನದ ಊರು ತಳುಕು. ಅದು ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ತಾಲೂಕು. ಬರೆಯಲು ಕೂತಾಗೆಲ್ಲ ಅವರ ಮನಸ್ಸು ಸುತ್ತಿದ್ದು ದುರ್ಗದ ಕೋಟೆಯನ್ನು. 1997ರಲ್ಲಿ ಜಿಲ್ಲೆ ಎರಡಾಯಿತು. ತಾಲೂಕು, ಸಿಬ್ಬಂದಿ, ಕುರ್ಚಿ, ಬೀರು, ಕಡತ ಎಲ್ಲಾ ಪಾಲಾದವು. ಆ ಪಾಲಿನಲ್ಲಿ ತ.ರಾ.ಸು. ಅವರ ಮೊದಲ ಇಪ್ಪತ್ತು ವರ್ಷ ಯಾರ ಕಡೆಗೂ ಬರಲಿಲ್ಲ.

ನಾನು ಸಾಹಿತಿ ಅಲ್ಲ. ಚಿತ್ರದುರ್ಗದಲ್ಲಿ ಒಂದು ಡಿ.ಟಿ.ಪಿ., ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಪತ್ರಿಕೆ, ಕೋರ್ಟಿನ ಅಫಿಡವಿಟ್ಟು, ಮೇಷ್ಟ್ರುಗಳ ಕವನ ಸಂಕಲನ, ಎಲ್ಲಾ ನಮ್ಮಲ್ಲೇ ಟೈಪ್ ಆಗುತ್ತೆ. ಹೀಗಾಗಿ ಊರಲ್ಲಿ ಯಾರು ಏನು ಬರೆಯುತ್ತಿದ್ದಾರೆ ಅನ್ನೋದು ಪುಸ್ತಕ ಬಿಡುಗಡೆಗೆ ಮುಂಚೆಯೇ ನನಗೆ ಗೊತ್ತಿರುತ್ತೆ. ಯಾವುದು ಪುಸ್ತಕ ಆಗದೆ ಉಳಿಯಿತು ಅನ್ನೋದೂ ಗೊತ್ತಿರುತ್ತೆ. ಈ ಪತ್ರ ಹಾಗೆ ಉಳಿದುಹೋದ ಒಂದು ಬರಹದ ಬಗ್ಗೆ.

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ಈ ಕಡೆಯ ಸಾಹಿತಿಗಳ ಪರಿಚಯ ಪುಸ್ತಕಗಳನ್ನು ತರುವ ಯೋಚನೆ ಮಾಡಿದರು. ಸಂಸ್ಥೆಯ ಹೆಸರು ಬೇಡ. ಅವರ ಮೇಲೆ ನನಗೆ ಜಗಳ ಇಲ್ಲ, ಬಿಲ್ಲನ್ನೂ ಸರಿಯಾಗಿ ಕೊಟ್ಟಿದ್ದಾರೆ. ತ.ರಾ.ಸು. ಪುಸ್ತಕವನ್ನು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರಿಗೆ ಒಪ್ಪಿಸಿದರು. ಮೇಷ್ಟ್ರು ಗೆರೆ ಹಾಕಿದ ನೋಟ್‌ಬುಕ್ಕುಗಳನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದರು. ಟೈಪ್ ಮಾಡಿದವನು ನಾನೇ.

ನಮ್ಮ ಕೆಲಸದಲ್ಲಿ ಓದೋದು ಕಮ್ಮಿ. ಕಣ್ಣು ಅಕ್ಷರದ ಮೇಲಿರುತ್ತೆ, ಅರ್ಥ ಆಮೇಲೆ. ಆದರೆ ಇದನ್ನು ಟೈಪ್ ಮಾಡುವಾಗ ಕೈ ನಿಂತು ನಿಂತು ಹೋಗುತ್ತಿತ್ತು. ಮೇಷ್ಟ್ರು ಬರೆದಿದ್ದು ಬರೀ 1920ರಿಂದ 1942ರವರೆಗಿನ ಕಥೆ. ಕಾದಂಬರಿಕಾರ ಆಗುವುದಕ್ಕೆ ಮುಂಚಿನ ಸುಬ್ಬರಾವ್. ತಳುಕಿನ ಬೀದಿಗಳು, ಬಳ್ಳಾರಿ ರಸ್ತೆ, ಮಳೆ ಕಾಣದ ಶೇಂಗಾ ಹೊಲ, ಮನೆಯಲ್ಲಿ ತೆಲುಗು ಹೊರಗೆ ಕನ್ನಡ, ವಕೀಲರಾಗಿದ್ದ ಅಪ್ಪ ರಾಮಸ್ವಾಮಯ್ಯ, ಮೈಸೂರಲ್ಲಿದ್ದ ದೊಡ್ಡಪ್ಪ. ಪ್ರತಿ ಅಧ್ಯಾಯದ ಕೊನೆಗೂ ಮುಂದೆ ಯಾರನ್ನು ಕೇಳಬೇಕು, ಯಾವ ಕಚೇರಿಯಲ್ಲಿ ಯಾವ ಕಾಗದ ನೋಡಬೇಕು ಅಂತ ಬರೆದುಕೊಂಡಿದ್ದರು. ಅವನ್ನು ಟೈಪ್ ಮಾಡಬೇಕಾ ಅಂತ ಕೇಳಿದೆ. "ಮಾಡಪ್ಪ, ನನಗಲ್ಲದಿದ್ದರೆ ಇನ್ಯಾರಿಗಾದರೂ ಬೇಕಾಗ್ತದೆ" ಅಂದರು.

ಪ್ರೂಫ್ ಸಂಸ್ಥೆಗೆ ಹೋಯಿತು. ವಾಪಸ್ ಬಂದಾಗ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಅಂಚಿನಲ್ಲಿ "ಇದು ಬೇಕಿಲ್ಲ", "ಕೃತಿ ಪರಿಚಯಕ್ಕೆ ಬನ್ನಿ", "ಸಂಕ್ಷಿಪ್ತಗೊಳಿಸಿ". ಐದು ಫಾರಂ ದಾಟಬಾರದು ಅನ್ನೋದು ಅವರ ಲೆಕ್ಕ. ಫಾರಂ ಅಂದರೆ 16 ಪುಟ. ಐದು ಫಾರಂ ಅಂದರೆ 80 ಪುಟ. ಲೆಕ್ಕ ಅವರದ್ದು, ದುಡ್ಡೂ ಅವರದ್ದು, ಒಪ್ಪೋಣ. ಆದರೆ ಆ 80 ಪುಟದಲ್ಲಿ ಬಾಲ್ಯಕ್ಕೆ ಉಳಿದದ್ದು ಒಂದೂವರೆ ಪುಟ. ಉಳಿದದ್ದೆಲ್ಲ ಕಾದಂಬರಿಗಳ ಪಟ್ಟಿ, ಕಥಾಸಾರ, ಪ್ರಶಸ್ತಿ, ಸಿನಿಮಾ. ಆ ಒಂದೂವರೆ ಪುಟವೂ "ಬಾಲ್ಯದಿಂದಲೇ ಪ್ರತಿಭಾವಂತರಾಗಿದ್ದ ಶ್ರೀಯುತರು" ಅಂತ ಶುರುವಾಗುತ್ತೆ. ಈ ವಾಕ್ಯವನ್ನು ಯಾರ ಬಾಲ್ಯಕ್ಕೆ ಬೇಕಾದರೂ ಅಂಟಿಸಬಹುದು. ನಾನೇ ಎಷ್ಟೋ ಅಭಿನಂದನಾ ಗ್ರಂಥಗಳಿಗೆ ಟೈಪ್ ಮಾಡಿಕೊಟ್ಟಿದ್ದೇನೆ.

ಸಂಸ್ಥೆಯ ಒಬ್ಬರನ್ನು ಕೇಳಿದೆ. "ಬಾಲ್ಯ ಎಲ್ಲರದ್ದೂ ಒಂದೇ ಥರ ಬಿಡ್ರಿ. ಪರೀಕ್ಷೆಗೆ ಓದೋ ಹುಡುಗರಿಗೆ ಕೃತಿ, ಇಸವಿ, ಪ್ರಶಸ್ತಿ ಬೇಕು" ಅಂದರು. ಇನ್ನೊಂದು ಮಾತೂ ಹೇಳಿದರು. ಮುಖಪುಟಕ್ಕೆ, ತ.ರಾ.ಸು. ಕಾದಂಬರಿಯಿಂದ ಬಂದ 'ನಾಗರಹಾವು' ಸಿನಿಮಾದ ವಿಷ್ಣುವರ್ಧನ್ ಬಂಡೆ ಮೇಲೆ ನಿಂತಿರೋ ಫೋಟೋ ಹಾಕಬೇಕಂತೆ, ಆಗ ಪುಸ್ತಕ ಹೋಗುತ್ತಂತೆ. ಹಾಗೇ ಆಯಿತು. ಪುಸ್ತಕ ಯಾರ ಬಗ್ಗೆಯೋ ಅವರ ಫೋಟೋ ಹಿಂದಿನ ರಕ್ಷಾಪುಟದ ಮೂಲೆಯಲ್ಲಿ ಅಂಚೆಚೀಟಿ ಗಾತ್ರದಲ್ಲಿದೆ.

ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಆದರೂ ತಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಮೇಷ್ಟ್ರ ಕೆಲಸ ಮುಂದಕ್ಕೆ ಹೋಗಬೇಕಾದರೆ ಬೇಕಾಗಿರುವ ಕಾಗದಗಳು ಇರುವುದು ತಮ್ಮ ಜಿಲ್ಲೆಗಳ ಸರ್ಕಾರಿ ಕೋಣೆಗಳಲ್ಲಿ. ಅದಕ್ಕೆ ಮುಂಚೆ, ಬಾಲ್ಯ ಎಲ್ಲರದ್ದೂ ಒಂದೇ ಥರ ಅನ್ನೋ ಮಾತಿಗೆ ನನ್ನ ಉತ್ತರ ಹೇಳಿಬಿಡುತ್ತೇನೆ.

ತಳುಕಿನ ಆ ಮನೆಯನ್ನೇ ನೋಡಿ. ಮನೆಮಾತು ತೆಲುಗು. ಆ ಮನೆಯಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಇವರನ್ನೂ ಸೇರಿಸಿ ಕನ್ನಡದ ಅಶ್ವಿನೀ ದೇವತೆಗಳು ಅಂತ ಕರೆಯುತ್ತಿದ್ದರು. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಗುರುಗಳಾದ ಈ ವೆಂಕಣ್ಣಯ್ಯನವರಿಗೇ. ಅವರ ತಮ್ಮ ತ.ಸು. ಶಾಮರಾಯರು ಇನ್ನೊಬ್ಬ ದೊಡ್ಡ ಕನ್ನಡ ವಿದ್ವಾಂಸರು. ನಮ್ಮ ಸುಬ್ಬರಾಯರಿಗೆ ಒಬ್ಬರು ದೊಡ್ಡಪ್ಪ, ಇನ್ನೊಬ್ಬರು ಚಿಕ್ಕಪ್ಪ. ಆಂಧ್ರದ ಗಡಿ ಪಕ್ಕದ ಒಂದು ಬಯಲುಸೀಮೆ ಊರಿನ ತೆಲುಗು ಮನೆ ಕನ್ನಡಕ್ಕೆ ಇಂಥ ಮೂವರನ್ನು ಕೊಟ್ಟಿದ್ದು ಹೇಗೆ? ಊಟದ ಹೊತ್ತಲ್ಲಿ ಆ ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು? ಹುಡುಗನ ಕೈಗೆ ಯಾವ ಪುಸ್ತಕ ಸಿಗುತ್ತಿತ್ತು? ಒಬ್ಬ ಲೇಖಕನ ಜೀವನಚರಿತ್ರೆ ಹೇಳಬೇಕಾದದ್ದು ಇದನ್ನು. ಇದು ಎಲ್ಲರ ಮನೆ ಕಥೆಯಂತೂ ಅಲ್ಲ, ಅಲ್ವಾ?

ಎಲ್ಲರೂ ಹೇಳುವ ಒಂದು ಪ್ರಸಂಗ ಇದೆ. ಹದಿನೇಳನೇ ವಯಸ್ಸಲ್ಲಿ ಸುಬ್ಬರಾವ್ ದೊಡ್ಡಪ್ಪನ ಜೊತೆ ಪಂಥ ಕಟ್ಟಿ 'ಪುಟ್ಟನ ಚೆಂಡು' ಅಂತ ಒಂದು ಕಥೆ ಬರೆದರು, ಅದೇ ಮೊದಲ ಕಥೆ ಅಂತ. ನಮ್ಮ ಆ 80 ಪುಟದ ಪುಸ್ತಕದಲ್ಲೂ ಇದು ಎರಡು ಸಾಲಲ್ಲಿ ಇದೆ. ಮೇಷ್ಟ್ರು ಈ ಎರಡು ಸಾಲನ್ನು ಹಿಡಿದು ಒಂದು ಅಧ್ಯಾಯ ಬರೆದಿದ್ದರು. ಹದಿನೇಳು ವಯಸ್ಸು ಅಂದರೆ 1937ರ ಸುಮಾರು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅಂದರೆ ಕನ್ನಡದ ಅಷ್ಟು ದೊಡ್ಡ ಮೇಷ್ಟ್ರು ಮನೆತನದಲ್ಲೇ ಇದ್ದೂ, ಹುಡುಗ ಬರೆಯಲು ಕೈ ಹಾಕಿದ ಮೇಲೆ ಅವರು ಸಿಕ್ಕಿದ್ದು ಎರಡು ವರ್ಷದಷ್ಟು ಮಾತ್ರ. ಹತ್ತೊಂಬತ್ತಕ್ಕೆ ದೊಡ್ಡಪ್ಪ ಇಲ್ಲ. ಇಪ್ಪತ್ತೆರಡಕ್ಕೆ ಓದು ಬಿಟ್ಟು ಚಳವಳಿ. ಆಮೇಲೆ ಪತ್ರಿಕೆ ಕೆಲಸ. ವೆಂಕಣ್ಣಯ್ಯನವರು ಇನ್ನೂ ಹತ್ತು ವರ್ಷ ಇದ್ದಿದ್ದರೆ ಇವರು ಅಧ್ಯಾಪಕರಾಗುತ್ತಿದ್ದರೋ, ಹಳಗನ್ನಡ ಹಿಡಿಯುತ್ತಿದ್ದರೋ? ಮೇಷ್ಟ್ರು ಅಲ್ಲಿ ತೀರ್ಪು ಕೊಟ್ಟಿರಲಿಲ್ಲ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ಬಿಟ್ಟಿದ್ದರು, ಅಷ್ಟೇ. ಕೆಂಪು ಗೆರೆ ಬಿದ್ದ ಪುಟಗಳಲ್ಲಿ ಇದೂ ಒಂದು.

ಇನ್ನು ದುರ್ಗ. ತ.ರಾ.ಸು. ಬೆಂಗಳೂರಲ್ಲಿದ್ದರು, ಮೈಸೂರಲ್ಲಿದ್ದರು, ಆದರೆ ಬರೆಯುವಾಗ ಇದ್ದದ್ದು ಇಲ್ಲೇ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ', 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ', ಕೊನೆಗೆ 'ದುರ್ಗಾಸ್ತಮಾನ'. ಒಂದೇ ಊರಿನ ಪಾಳೆಯಗಾರರ ಬಗ್ಗೆ ಇಷ್ಟು ಕಾದಂಬರಿ. 'ದುರ್ಗಾಸ್ತಮಾನ' ಬಂದದ್ದು 1982ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. 1984ರ ಏಪ್ರಿಲ್ 10ರಂದು ತೀರಿಕೊಂಡರು. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಕಾದಂಬರಿಗೆ ಬಂದಾಗ ಅವರಿರಲಿಲ್ಲ. 1779ರಲ್ಲಿ ಹೈದರನ ಕೈಗೆ ಬಿದ್ದ ಕೋಟೆಯ ಕಥೆಯನ್ನು ಒಬ್ಬ ಮನುಷ್ಯ ಕೊನೆಗಾಲದವರೆಗೂ ಎದೆಯಲ್ಲಿ ಇಟ್ಟುಕೊಂಡಿದ್ದ ಅಂದರೆ ಅದರ ಬೇರು ಎಲ್ಲೋ ಹುಡುಗತನದಲ್ಲೇ ಇರಬೇಕು.

ಹುಡುಗ ಕೋಟೆ ಹತ್ತಿದ್ದಿರಬೇಕು ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಡ. ದುರ್ಗದ ಯಾವ ಹುಡುಗ ಹತ್ತಿಲ್ಲ? ಆದರೆ ಏನು ನೋಡಿದ ಅನ್ನೋದು ಮುಖ್ಯ. ಅವರ ಪುಸ್ತಕ ಹಿಡಿದು ಮೇಲೆ ಹೋಗಿ. ಏಕನಾಥಮ್ಮನ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಅರಮನೆ ಬಯಲಿನ ಮಣ್ಣಿನ ಗೋಡೆಗಳು, ಎಲ್ಲಾ ಇದ್ದಲ್ಲೇ ಇವೆ. ಜೋರು ಮಳೆ ಬಂದ ವರ್ಷ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ಬೀಳುತ್ತೆ, ಅಲ್ಲಿಂದ ಇಳಿದು ಇಳಿದು ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಬರುತ್ತೆ. ಬಂಡೆ ಮೇಲೆ ಬಿದ್ದ ಹನಿಯನ್ನೂ ಪೋಲು ಮಾಡದ ಊರು ಇದು. ಇಂಥ ಊರಿನ ಗುಟ್ಟುಗಳನ್ನು ಕಾಲಲ್ಲಿ ನಡೆದು ಕಲಿತವನಿಗೂ ಗ್ರಂಥಾಲಯದಲ್ಲಿ ಕೂತು ಕಲಿತವನಿಗೂ ವ್ಯತ್ಯಾಸ ಇರುತ್ತೆ. ಆ ವ್ಯತ್ಯಾಸ ಅವರ ಪುಟಗಳಲ್ಲಿ ಕಾಣುತ್ತೆ.

ಅವರಿಗೆ ಒಂಬತ್ತು ವರ್ಷ ಆಗಿದ್ದಾಗ, 1929ರ ಸುಮಾರಿಗೆ, ಊರ ಪಕ್ಕದ ಚಂದ್ರವಳ್ಳಿಯಲ್ಲಿ ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು ಉತ್ಖನನ ನಡೆಸುತ್ತಿದ್ದರು. ಕದಂಬ ಮಯೂರಶರ್ಮನ ಶಾಸನ ಬೆಳಕಿಗೆ ಬಂದದ್ದು ಅಲ್ಲೇ. ಊರಲ್ಲಿ ಅದೇ ಮಾತಾಗಿದ್ದಿರಬೇಕು. ಇನ್ನೊಂದು ಕಡೆ ಹುಲ್ಲೂರು ಶ್ರೀನಿವಾಸ ಜೋಯಿಸರು ಮನೆಮನೆ ತಿರುಗಿ ಓಲೆಗರಿ, ಕಾಗದ, ಕತ್ತಿ, ನಾಣ್ಯ ಕೂಡಿಸುತ್ತಿದ್ದರು. ಪಾಳೆಯಗಾರರ ಇತಿಹಾಸಕ್ಕೆ ಇವತ್ತಿಗೂ ಜೋಯಿಸರ ಹೆಸರು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಕಾದಂಬರಿಕಾರ ತ.ರಾ.ಸು. ಅವರ ಹಿಂದೆ ಜೋಯಿಸರ ಆ ದುಡಿಮೆ ಇದೆ. ಒಂದು ಊರಲ್ಲಿ ಒಂದೇ ಕಾಲಕ್ಕೆ ಒಬ್ಬರು ಮಣ್ಣು ಅಗೆಯುತ್ತಿದ್ದಾರೆ, ಇನ್ನೊಬ್ಬರು ಓಲೆಗರಿ ಬಿಚ್ಚುತ್ತಿದ್ದಾರೆ, ಬೀದಿಯಲ್ಲಿ ಒಬ್ಬ ಹುಡುಗ ಬೆಳೆಯುತ್ತಿದ್ದಾನೆ. ಇದಕ್ಕಿಂತ ಒಳ್ಳೆ ಅಧ್ಯಾಯ ಬೇಕಾ?

ಚಳವಳಿ ದಿನಗಳೂ ಹಾಗೇ. 1939ರಲ್ಲಿ ಇಲ್ಲೇ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಆಗ ದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರ ಮುಂದಾಳು. ತ.ರಾ.ಸು. ಅವರಿಗೆ ಆಗ ಹತ್ತೊಂಬತ್ತು, ಅಪ್ಪನೂ ವಕೀಲರೇ. 1942ರ ಹೊತ್ತಿಗೆ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು. ಮುಂದೆ ಕಾದಂಬರಿಕಾರ ಅನಕೃ ಜೊತೆ ಪ್ರಗತಿಶೀಲ ಸಾಹಿತಿಗಳ ಸಾಲಿನಲ್ಲಿ ನಿಂತರು. ನಮ್ಮ ಪರಿಚಯ ಪುಸ್ತಕಗಳಲ್ಲಿ ಚಳವಳಿ ಒಂದು ಸಾಲು, ಪ್ರಗತಿಶೀಲ ಇನ್ನೊಂದು ಸಾಲು. ಆ ಎರಡು ಸಾಲಿನ ನಡುವೆ ಒಬ್ಬ ಹುಡುಗ ಕಾದಂಬರಿಕಾರ ಆಗಿಬಿಟ್ಟಿರುತ್ತಾನೆ, ನಮಗೆ ಗೊತ್ತೇ ಆಗಲ್ಲ.

ಈಗ ತಮ್ಮ ಕಡೆಗೆ ಬರುತ್ತೇನೆ.

ಪುಸ್ತಕ ಬಂದ ಮೇಲೆ ಮೇಷ್ಟ್ರು ಬೇಜಾರು ಮಾಡಿಕೊಂಡು ಕೂರಲಿಲ್ಲ. ಅಧ್ಯಾಯದ ಕೊನೆಯ ಆ ಪ್ರಶ್ನೆಗಳನ್ನು ಹಿಡಿದುಕೊಂಡು ಕಚೇರಿ ಸುತ್ತಿದರು. ಮಂಡಿ ನೋವಿನ ಮನುಷ್ಯ, ಬೈಕಲ್ಲಿ ಹಿಂದೆ ಕೂರಿಸಿಕೊಂಡು ನಾನೂ ಕೆಲವು ಕಡೆ ಹೋಗಿದ್ದೇನೆ. ಮಲೇಬೆನ್ನೂರಿನ ಹಳೇ ದಾಖಲೆ ಕೇಳಿದಾಗ ದಾವಣಗೆರೆ ಕಡೆಯ ಒಂದು ಕಚೇರಿಯವರು "ಆಗ ಅದು ಚಿತ್ರದುರ್ಗ ಜಿಲ್ಲೆ ಸಾರ್, ದಾಖಲೆ ಅಲ್ಲೇ ಇರಬೇಕು" ಅಂದರು. ಚಿತ್ರದುರ್ಗಕ್ಕೆ ಬಂದು ಕೇಳಿದರೆ "ಜಿಲ್ಲೆ ಒಡೆದಾಗ ತಾಲೂಕಿನ ಜೊತೆ ಕಾಗದಾನೂ ಅಲ್ಲಿಗೇ ಹೋಯ್ತಲ್ಲ" ಅಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು, ಒಬ್ಬರು ಟೀ ಕೂಡ ತರಿಸಿದರು. ಕಾಗದ ಮಾತ್ರ ಸಿಗಲಿಲ್ಲ. ಇವು ತಮ್ಮ ಕಚೇರಿಗಳಲ್ಲ, ಹಾಗಂತ ಹೆಸರು ಹೇಳಿ ಯಾರನ್ನೂ ಬೀದಿಗೆ ಎಳೆಯುವ ಇಷ್ಟವೂ ಇಲ್ಲ.

ಇನ್ನೊಂದು ಕಡೆ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಒಂದು ಹಳೇ ಸರ್ಕಾರಿ ಶಾಲೆ. ಯಾವುದು ಅಂತ ಹೇಳಲ್ಲ. ಹಳೇ ಅಡ್ಮಿಷನ್ ರಿಜಿಸ್ಟರ್ ಕೇಳಿದೆವು. ಹಿಂದಿನ ಕೋಣೆ ತೋರಿಸಿದರು. ಮುರಿದ ಬೆಂಚು, ಬಿಸಿಯೂಟದ ಖಾಲಿ ಚೀಲ, ಚುನಾವಣೆಗೆ ತಂದು ಬಿಟ್ಟುಹೋದ ರಟ್ಟು, ಅದರ ಕೆಳಗೆ ಬಟ್ಟೆ ಬೈಂಡಿನ ದಪ್ಪ ರಿಜಿಸ್ಟರ್‌ಗಳು. ಮೇಷ್ಟ್ರು ಒಂದನ್ನು ಎತ್ತಿ ತೊಡೆ ಮೇಲಿಟ್ಟುಕೊಂಡು ಬಿಚ್ಚಿದರು. ಅರ್ಧ ಪುಸ್ತಕವನ್ನು ಗೆದ್ದಲು ಮಣ್ಣು ಮಾಡಿತ್ತು. ಉಳಿದ ಹಾಳೆಗಳಲ್ಲಿ ಮಸಿ ಕಂದಿದ್ದರೂ ಅಕ್ಷರ ಮುತ್ತಿನ ಹಾಗೆ. ಹುಡುಗನ ಹೆಸರು, ಪೋಷಕರ ಹೆಸರು, ಪೋಷಕರ ಕಸುಬು, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟಿದ್ದಕ್ಕೆ ಕಾರಣ. ಒಂದು ಅಡ್ಡಸಾಲಿನಲ್ಲಿ ಒಂದು ಹುಡುಗತನ. "ಬಿಟ್ಟ ಕಾರಣ" ಅನ್ನೋ ಕಾಲಂ ಮೇಲೆ ಮೇಷ್ಟ್ರು ಬೆರಳಿಟ್ಟು ಸುಮಾರು ಹೊತ್ತು ಸುಮ್ನೆ ಕೂತರು. ಕಡು ಬಡತನ, ಪೋಷಕರ ವರ್ಗ, ಮರಣ, ಹೀಗೆ ಬರೆದಿದ್ದರು. ನಾವು ಹುಡುಕುತ್ತಿದ್ದ ವರ್ಷಗಳ ಪುಸ್ತಕ ಗೆದ್ದಲು ತಿಂದ ಕಡೆಯಲ್ಲಿತ್ತು.

ಹೊರಡುವಾಗ ಅಲ್ಲಿಯವರು ಹೇಳಿದ್ದು: "ಕೋಣೆ ಖಾಲಿ ಮಾಡಿಸೋಕೆ ಹೇಳಿದ್ದಾರೆ ಸಾರ್. ರಜಾದಲ್ಲಿ ಇವನ್ನೆಲ್ಲ ಗುಜರಿಗೆ ಹಾಕ್ಬೇಕು."

ಮಾನ್ಯರೇ, ಅಡ್ಮಿಷನ್ ರಿಜಿಸ್ಟರ್ ಗುಜರಿಗೆ ಹಾಕೋ ಕಾಗದ ಅಲ್ಲ ಅನ್ನೋದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಜಾತಿ ಸರ್ಟಿಫಿಕೇಟಿಗೆ ಅಂತ ಅಜ್ಜನ ಶಾಲೆ ದಾಖಲೆ ಹುಡುಕಿಕೊಂಡು ಬರುವವರು ನಮ್ಮ ಜೆರಾಕ್ಸ್ ಅಂಗಡಿಗೆ ಈಗಲೂ ಬರುತ್ತಾರೆ. ಅವರ ಪಾಡು ನೋಡಿದ್ದೇನೆ. ತ.ರಾ.ಸು. ನೆಪದಲ್ಲಿ ಈ ರಿಜಿಸ್ಟರ್‌ಗಳು ಉಳಿದರೆ ಸಾವಿರಾರು ಮನೆಗಳಿಗೆ ಉಪಕಾರ ಆಗುತ್ತೆ.

ದಾಖಲೆ ಇಲ್ಲದ ಕಡೆ ಏನು ಬಂದು ಕೂರುತ್ತೆ ಅನ್ನೋದನ್ನೂ ಹೇಳಬೇಕು. ಸಿನಿಮಾ ಬಂದು ಕೂರುತ್ತೆ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನೋ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ಒಳ್ಳೆ ಸಿನಿಮಾ, ನಾನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಕೋಟೆಗೆ ಬಂದವರಿಗೆ ಈಗ ಆ ಹಾಡು ಇಲ್ಲಿ ತೆಗೆದದ್ದು, ರಾಮಾಚಾರಿ ಇಲ್ಲಿ ನಿಂತಿದ್ದು ಅಂತ ತೋರಿಸುತ್ತಾರೆ. ತೋರಿಸಲಿ. ಆದರೆ ಕಾಲೇಜಿಗೆ ಹೋಗುವ ಹುಡುಗರು "ರಾಮಾಚಾರಿ ಅಂದ್ರೆ ತ.ರಾ.ಸು. ಅವರೇ ಅಲ್ವಾ ಅಂಕಲ್" ಅಂತ ಕೇಳುತ್ತಾರೆ. ಕಾದಂಬರಿಯ ಪಾತ್ರವನ್ನು ತಂದು ಬರೆದವನ ಬಾಲ್ಯಕ್ಕೆ ತುಂಬುವುದು ಎಲ್ಲಕ್ಕಿಂತ ಸುಲಭದ ಜೀವನಚರಿತ್ರೆ. ನಿಜವಾದ ಕಾಗದ ಇದ್ದರೆ ಅದನ್ನು ತಡೆಯಬಹುದು. 'ಹಂಸಗೀತೆ'ಯಲ್ಲಿ ತ.ರಾ.ಸು. ಭೈರವಿ ವೆಂಕಟಸುಬ್ಬಯ್ಯ ಅನ್ನೋ ದುರ್ಗದ ಸಂಗೀತಗಾರನ ಬದುಕು ಬರೆದರು. ಅದರಿಂದ 1956ರಲ್ಲಿ ಹಿಂದಿಯ 'ಬಸಂತ್ ಬಹಾರ್' ಬಂತು, 1975ರಲ್ಲಿ ಜಿ.ವಿ. ಅಯ್ಯರ್ ಅವರ ಸಿನಿಮಾ ಬಂತು. ಇನ್ನೂರು ವರ್ಷದ ಹಿಂದಿನ ಒಬ್ಬ ಕಲಾವಿದನಿಗಾಗಿ ಅಷ್ಟು ಮಾಡಿದ ಮನುಷ್ಯನ ಬದುಕನ್ನು ನಾವು ನೂರು ವರ್ಷದ ಹಿಂದಿನದ್ದು ಅಂತ ಬಿಟ್ಟುಬಿಟ್ಟರೆ ಹೇಗೆ?

2020ಕ್ಕೆ ಅವರಿಗೆ ನೂರು ತುಂಬಿತು. ಅದು ಕೊರೊನಾ ಲಾಕ್‌ಡೌನಿನ ಏಪ್ರಿಲ್. ಯಾರನ್ನೂ ದೂರುವ ಹಾಗಿಲ್ಲ. ಆದರೆ ಆಮೇಲೆ ಬಂದ ವರ್ಷಗಳಿಗೆ ಆ ನೆಪ ಇಲ್ಲ. ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದೇವೆ, ಸಂತೋಷ. ಅಲ್ಲಿ ನಡೆಯುವ ಪ್ರತಿ ಕಾರ್ಯಕ್ರಮದ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಸ್ಥಳ ಅನ್ನೋ ಕಡೆ ಅಚ್ಚಾಗುತ್ತೆ. ಟೈಪ್ ಮಾಡುವವನಿಗೆ ಇದು ಚೆನ್ನಾಗಿ ಗೊತ್ತು.

ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮೊದಲು, ತಮ್ಮಿಬ್ಬರ ಸಹಿ ಇರುವ ಒಂದು ಪತ್ರ ಬೇಕು. 1945ಕ್ಕಿಂತ ಹಿಂದಿನ ಶಾಲಾ ರಿಜಿಸ್ಟರ್, ಜನನ ಮರಣ ದಾಖಲೆ, ಮನೆ ಕಂದಾಯದ ಪುಸ್ತಕ ಯಾವುದನ್ನೂ ಎರಡೂ ಜಿಲ್ಲೆಯಲ್ಲಿ ಯಾರೂ ಎಸೆಯಬಾರದು, ಕೇಳಿಕೊಂಡು ಬಂದ ಲೇಖಕರಿಗೆ ನೋಡಲು ಬಿಡಬೇಕು ಅಂತ. ಎರಡು ಜಿಲ್ಲೆಯ ಸಹಿ ಇದ್ದರೆ "ಅಲ್ಲಿಗೆ ಹೋಗಿ, ಇಲ್ಲಿಗೆ ಬನ್ನಿ" ಅನ್ನೋದು ನಿಲ್ಲುತ್ತೆ. ಇದಕ್ಕೆ ದುಡ್ಡು ಖರ್ಚಿಲ್ಲ.

ಆಮೇಲೆ ಸ್ಕ್ಯಾನಿಂಗ್. ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಜಮೀನು ದಾಖಲೆಗಳ ಸ್ಕ್ಯಾನ್ ನಡೆದಿದೆ. ಒಳ್ಳೆ ಕೆಲಸ. ಅದೇ ಯಂತ್ರ, ಅದೇ ಹುಡುಗರನ್ನು ಕೆಲವು ದಿನ ಹರಿಹರ, ಚಳ್ಳಕೆರೆ, ಚಿತ್ರದುರ್ಗದ ಹಳೇ ಶಾಲೆಗಳ ರಿಜಿಸ್ಟರ್‌ಗಳಿಗೆ ಬಿಡಿಸಿಕೊಡಿ. ಗೆದ್ದಲು ಹಿಡಿದವನ್ನು ಮೊದಲು ಮಾಡಲಿ, ಚೆನ್ನಾಗಿರುವವು ಕಾಯುತ್ತವೆ. ಚಳವಳಿ ಕಾಲದ ಪೊಲೀಸ್ ಮತ್ತು ಜೈಲು ಕಡತಗಳ ವಿಚಾರದಲ್ಲಿ ರಾಜ್ಯ ಪತ್ರಾಗಾರ ಇಲಾಖೆಗೆ ತಾವು ಒಂದು ಪತ್ರ ಬರೆದರೆ ಆಗುವ ಕೆಲಸ, ನನ್ನಂಥವನು ಹತ್ತು ಅರ್ಜಿ ಕೊಟ್ಟರೂ ಆಗಲ್ಲ.

ತಳುಕಿನಲ್ಲಿ, ಮಲೇಬೆನ್ನೂರಿನಲ್ಲಿ, ದುರ್ಗದ ಹಳೇ ಬೀದಿಗಳಲ್ಲಿ ಅಪ್ಪ-ಅಜ್ಜಂದಿರ ಬಾಯಿಂದ ಆ ಕಾಲದ ಮಾತು ಕೇಳಿಸಿಕೊಂಡವರು ಇನ್ನೂ ಇದ್ದಾರೆ. ಅವರಿಗೂ ಎಂಬತ್ತು ದಾಟಿದೆ. ಎರಡೂ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವ ಮಕ್ಕಳಿದ್ದಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದು ಬೇಸಿಗೆಯಲ್ಲಿ ಮಾತು ರೆಕಾರ್ಡ್ ಮಾಡಿಸಬಹುದು. ಏನು ಕೇಳಬೇಕು ಅನ್ನೋ ಪಟ್ಟಿ ಮೇಷ್ಟ್ರ ಹತ್ತಿರ ಸಿದ್ಧವಾಗಿದೆ.

ಕೊನೆಗೆ ಪುಸ್ತಕ. ಅದನ್ನು ಯಾರು ಬರೆಯಬೇಕು ಅಂತ ನಾನು ಹೇಳಲ್ಲ. ಮೇಷ್ಟ್ರೇ ಬರೆಯಲಿ ಅಂತ ನನ್ನ ಆಸೆ, ಆದರೆ ಅವರೇ "ಯಾರಾದರೂ ಕಾಲು ಗಟ್ಟಿ ಇರೋರು ಬರೀಲಿ" ಅನ್ನುತ್ತಾರೆ. ಯಾರು ಬರೆದರೂ ಎರಡು ಮಾತು ಮುಂಚೆಯೇ ಆಗಬೇಕು. ಒಂದು, ಫಾರಂ ಲೆಕ್ಕ ಹಾಕಬೇಡಿ. ಆ ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಪುಟ ಬೇಕೋ ಅಷ್ಟು ಆಗಲಿ. ಎರಡು, ಬರೆದದ್ದನ್ನು ಯಾವ ಸಮಿತಿಯೂ ಹೊಗಳಿಕೆಗೆ ತಿದ್ದಬಾರದು. ಹುಡುಗ ಫೇಲಾಗಿದ್ದರೆ ಫೇಲಾದ ಅಂತ, ಮನೆಯಲ್ಲಿ ಜಗಳ ಆಗಿದ್ದರೆ ಆಯಿತು ಅಂತ ಇರಲಿ. ಆಧಾರ ಇದ್ದರೆ ಸಾಕು. ತ.ರಾ.ಸು. ಅವರೇ ತಮ್ಮ ನಾಯಕರನ್ನು ದೇವರು ಮಾಡಿ ಬರೆದವರಲ್ಲ. ದುರ್ಗದ ಒಳಜಗಳ, ಮೋಸ, ಕೊಲೆ ಎಲ್ಲ ಬರೆದರು. ಅದಕ್ಕೇ ನಾವಿನ್ನೂ ಓದುತ್ತಿದ್ದೇವೆ.

ನನ್ನಿಂದ ಆಗುವುದನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರ ಪೂರ್ತಿ ಬರಹ, ಕೆಂಪು ಗೆರೆ ಬೀಳುವ ಮುಂಚಿನದ್ದು, ನನ್ನ ಹಳೇ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಫೈಲಾಗಿ ಇದೆ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿದೆ, ಯುನಿಕೋಡ್‌ಗೆ ಬದಲಾಯಿಸಿದಾಗ ಒತ್ತಕ್ಷರ ಒಂದಷ್ಟು ಕೆಡುತ್ತವೆ. ಅದನ್ನು ಕೂತು ಸರಿ ಮಾಡುತ್ತಿದ್ದೇನೆ. ಮೇಷ್ಟ್ರು ಒಪ್ಪಿದ್ದಾರೆ. ತಮ್ಮ ಕಚೇರಿಯಿಂದ ಯಾರಾದರೂ ಕೇಳಿದರೆ ಎರಡೂ ಜಿಲ್ಲೆಗೆ ಒಂದೊಂದು ಪ್ರತಿ ಕಳಿಸುತ್ತೇನೆ, ಪ್ರಶ್ನೆಗಳ ಪಟ್ಟಿ ಸಮೇತ. ಪುಸ್ತಕ ಆಗುವುದಾದರೆ ಟೈಪಿಂಗ್, ಪುಟವಿನ್ಯಾಸ ನನ್ನ ಲೆಕ್ಕದಲ್ಲಿ ಉಚಿತ. ಮುಖಪುಟಕ್ಕೆ ಮಾತ್ರ ತ.ರಾ.ಸು. ಫೋಟೋನೇ ಹಾಕೋಣ.

ಬೇಸಿಗೆ ರಜಾ ಬರುವ ಮುಂಚೆ ಆ ಮೊದಲ ಪತ್ರ, ತಮ್ಮಿಬ್ಬರ ಸಹಿಯ ಪತ್ರ, ಶಾಲೆಗಳಿಗೆ ತಲುಪಬೇಕು ಅಂತ ಕೇಳಿಕೊಳ್ಳುತ್ತೇನೆ. ಗುಜರಿಯವರು ಬರುವುದು ರಜಾದಲ್ಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಡಿ.ಟಿ.ಪಿ. ಅಂಗಡಿಯವನು
ಚಿತ್ರದುರ್ಗ